ಕೇಸರಿಭಾತಿನಿಂದ ಖಾರಾಭಾತಿಗೆ: ಬನ್ನು-ಬಿಸ್ಕತ್ತಿಗೆ ಕುಗ್ಗಿದ ಊಟವನ್ನು ಮತ್ತೆ ಹಿಗ್ಗಿಸುವ ಬಗೆ

ನಾಲ್ಕು ವರ್ಷಗಳ ಹಿಂದೆ ನನ್ನ ದಿನದ ಆಹಾರ ಇಷ್ಟೇ ಇತ್ತು. ಬೆಳಿಗ್ಗೆ ಎರಡು ಚಮಚ ಸಕ್ಕರೆಯ ಕಾಫಿ, ಅದರಲ್ಲಿ ಅದ್ದಿಕೊಳ್ಳಲು ಗ್ಲೂಕೋಸ್ ಬಿಸ್ಕತ್ತು. ಮಧ್ಯಾಹ್ನ ಬೇಕರಿಯ ಸಿಹಿ ಬನ್ನು. ಸಂಜೆ ಮತ್ತೆ ಕಾಫಿ, ಜೊತೆಗೆ ರಸ್ಕು. ರಾತ್ರಿ ಹಾಲು-ಸಕ್ಕರೆ ಹಾಕಿ ಕಲಸಿದ ಮೆತ್ತನೆಯ ಅನ್ನ. ಬೆಂಗಳೂರಿನ ಪಿಜಿಯೊಂದರಲ್ಲಿದ್ದಾಗ ಹೊಟ್ಟೆಗೆ ಸೋಂಕು ತಗುಲಿ ಹತ್ತು ದಿನ ಭೇದಿಯಿಂದ ನರಳಿದ್ದೆ. ಸೋಂಕು ವಾಸಿಯಾಯಿತು, ಆದರೆ ಹೊಟ್ಟೆ ಮೊದಲಿನಂತಾಗಲಿಲ್ಲ. ಸಾರನ್ನ ಉಂಡ ದಿನ ಉಬ್ಬರ, ಪಲ್ಯ ತಿಂದ ದಿನ ನುಲಿತ. ನೋವು ಕೊಟ್ಟದ್ದನ್ನೆಲ್ಲ ಒಂದೊಂದಾಗಿ ಬಿಟ್ಟೆ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಈಗ ನಾನು ಎಲ್ಲರಂತೆ ಉಣ್ಣುತ್ತೇನೆ. ಅಲ್ಲಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಆ ದಾರಿಯನ್ನು, ಅದರಲ್ಲಿ ನಾನು ಎಡವಿದ ಜಾಗಗಳ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ. ನನ್ನಂತೆ ನಾಲ್ಕೈದು ಸಿಹಿ ಪದಾರ್ಥಗಳ ಮೇಲೆ ದಿನ ದೂಡುತ್ತಿರುವವರಿಗೆ ಮತ್ತು ಅವರ ಪಕ್ಕದಲ್ಲಿ ಕಂಗಾಲಾಗಿ ಕುಳಿತಿರುವ ಮನೆಯವರಿಗೆ ಇದು ಉಪಯೋಗಕ್ಕೆ ಬರಲಿ.

ಸಿಹಿಯೇ ಏಕೆ ಉಳಿಯುತ್ತದೆ

ಇದನ್ನು ನಾಲಿಗೆಚಪಲ ಎಂದು ಕರೆಯುವವರೇ ಹೆಚ್ಚು. ಆ ಮಾತು ಎಷ್ಟು ತಪ್ಪು ಎನ್ನುವುದು ತಿಳಿದರೆ ಅರ್ಧ ಭಾರ ಇಳಿಯುತ್ತದೆ. ಬಿಸ್ಕತ್ತಿನ ಪ್ರತಿ ತುಂಡಿಗೂ ಒಂದೇ ರುಚಿ, ಒಂದೇ ಮುರಿತ, ಒಂದೇ ವಾಸನೆ. ನಿನ್ನೆಯ ಪಲ್ಯ ಇವತ್ತಿನ ಪಲ್ಯದಂತಿರುವುದಿಲ್ಲ. ಬಿಸ್ಕತ್ತು ಮಾತ್ರ ಎಂದೂ ಬದಲಾಗುವುದಿಲ್ಲ. ಹೆದರಿದ ಮನಸ್ಸು ಹುಡುಕುವುದು ಇಂಥ ಖಾತರಿಯನ್ನೇ. ಇನ್ನೊಂದು ಕಾರಣ ಹೊಟ್ಟೆಯೊಳಗಿದೆ. ಸಕ್ಕರೆ ಮತ್ತು ಮೈದಾದಲ್ಲಿ ನಾರು ತೀರ ಕಡಿಮೆ. ಅವು ಸಣ್ಣ ಕರುಳಿನಲ್ಲೇ ಬೇಗ ಜೀರ್ಣವಾಗುವುದರಿಂದ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಸಿಗುವುದು ಅತ್ಯಲ್ಪ. ಅವುಗಳಿಗೆ ಆಹಾರವಿಲ್ಲದಿದ್ದರೆ ಅನಿಲವೂ ಕಡಿಮೆ, ಉಬ್ಬರವೂ ಕಡಿಮೆ. ಹಾಗಾಗಿ ಬನ್ನು ತಿಂದಾಗ ಹೊಟ್ಟೆ ಸುಮ್ಮನಿರುತ್ತದೆ ಎಂಬ ನಿಮ್ಮ ಅನುಭವ ಸುಳ್ಳಲ್ಲ.

ತೊಂದರೆ ಶುರುವಾಗುವುದು ತಿಂಗಳುಗಟ್ಟಲೆ ನಾರು ಕಾಣದ ಕರುಳಿಗೆ ಒಂದು ದಿನ ಇದ್ದಕ್ಕಿದ್ದಂತೆ ಹುರುಳಿಕಾಯಿ ಪಲ್ಯ, ಕಾಳಿನ ಸಾರು ಸುರಿದಾಗ. ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಅನಿಲ ಮಾಡುತ್ತವೆ. ಆ ಉಬ್ಬರ ಕರುಳಿಗೆ ಆದ ಗಾಯವಲ್ಲ, ಅಭ್ಯಾಸ ತಪ್ಪಿದ ಕೆಲಸವನ್ನು ಅದು ಮತ್ತೆ ಕೈಗೆತ್ತಿಕೊಂಡ ಗುರುತು. ಆದರೆ ಆ ಹೊತ್ತಿನಲ್ಲಿ ನಮಗೆ ಹಾಗೆ ತೋಚುವುದಿಲ್ಲ. "ನೋಡಿದೆಯಾ, ತಿಂದೆ, ಹೀಗಾಯಿತು" ಎಂದು ಮನಸ್ಸು ಒಂದು ಗೆರೆ ಎಳೆದುಬಿಡುತ್ತದೆ.

ಕರುಳಿಗೂ ಮಿದುಳಿಗೂ ನಡುವೆ ವೇಗಸ್ ಎಂಬ ದೊಡ್ಡ ನರವಿದೆ. ಅದರ ತಂತುಗಳಲ್ಲಿ ಸುಮಾರು 80 ಪ್ರತಿಶತ ಸುದ್ದಿಯನ್ನು ಹೊಟ್ಟೆಯಿಂದ ಮೇಲಕ್ಕೆ ಒಯ್ಯುವಂಥವು. ಭಯವಾದಾಗ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳಿನ ಚಲನೆ ಚುರುಕಾಗುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಲಕುವುದು ಇದರಿಂದಲೇ. ಅಂದರೆ ಹೆದರಿಕೊಂಡು ತಿಂದ ಒಂದು ತುತ್ತು ಇಡ್ಲಿಯೂ ಹೊಟ್ಟೆ ನುಲಿಸಬಲ್ಲದು. ಆ ನುಲಿತವನ್ನು ನಾವು ಇಡ್ಲಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಹೊಟ್ಟೆಯ ಸೋಂಕು ಬಂದುಹೋದ ಸುಮಾರು ಹತ್ತರಲ್ಲಿ ಒಬ್ಬರಿಗೆ ಕರುಳು ಬಹಳ ಕಾಲ ಹೀಗೆ ಸೂಕ್ಷ್ಮವಾಗಿ ಉಳಿಯುತ್ತದೆ. ನಾನು ಆ ಹತ್ತರಲ್ಲಿ ಒಬ್ಬಳು.

ಊಟ ಈ ಮಟ್ಟಕ್ಕೆ ಕುಗ್ಗಿ ಪೌಷ್ಟಿಕತೆಗೆ ಅಥವಾ ದಿನದ ಬದುಕಿಗೆ ಪೆಟ್ಟು ಬಿದ್ದಾಗ ವೈದ್ಯರು ಅದಕ್ಕೆ ಆರ್ಫಿಡ್ ಎಂಬ ಹೆಸರು ಕೊಡುತ್ತಾರೆ. 2013ರಲ್ಲಿ ಅದು ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರಿನಿಂದ ಸೇರಿತು. ತೆಳ್ಳಗಾಗಬೇಕೆಂಬ ಆಸೆಗೂ ಇದಕ್ಕೂ ಸಂಬಂಧವಿಲ್ಲ. ಕೆಲವರಿಗೆ ಆಹಾರದ ಸ್ಪರ್ಶ-ವಾಸನೆ ತಡೆಯಲಾಗದು, ಕೆಲವರಿಗೆ ಹಸಿವೇ ಆಗದು, ಕೆಲವರಿಗೆ ತಿಂದರೆ ಏನಾಗುವುದೋ ಎಂಬ ಭಯ. ನನ್ನದು ಕೊನೆಯದು. ನಿಮ್ಮದು ಯಾವುದು ಎಂದು ಯೋಚಿಸಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ವೈದ್ಯರ ಬಳಿ ಹೋಗಿ

ಇದನ್ನು ದಾಟಿ ಮುಂದಕ್ಕೆ ಓದಬೇಡಿ. ಮಲದಲ್ಲಿ ರಕ್ತ, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಬಿಡದ ಜ್ವರ, ಪದೇಪದೇ ವಾಂತಿ, ನುಂಗಲು ಕಷ್ಟ, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ಆರಂಭವಾದ ತೊಂದರೆ: ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ದಿನ ಕಳೆಯುವಂತಿಲ್ಲ.

ಇವು ಯಾವುವೂ ಇಲ್ಲದಿದ್ದರೂ ಸಕ್ಕರೆ-ಮೈದಾದ ಮೇಲೆ ಬದುಕಿದ ದೇಹದಲ್ಲಿ ಏನು ಖಾಲಿಯಾಗಿದೆ ಎಂದು ನೋಡಲೇಬೇಕು. ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್, ರಕ್ತದ ಸಕ್ಕರೆ ಇವುಗಳ ಪರೀಕ್ಷೆಯ ಬಗ್ಗೆ ಕೇಳಿ. ಬಿ12 ಕೊರತೆಯೇ ಕೈಕಾಲು ಜೋಮು, ಮಂಕು, ಸುಸ್ತು ತರಬಲ್ಲದು. ರಕ್ತ ಕಡಿಮೆಯಾದರೆ ಎದೆ ಡವಗುಟ್ಟುತ್ತದೆ, ಅದನ್ನು ನಾವು ಆತಂಕ ಎಂದುಕೊಳ್ಳುತ್ತೇವೆ. ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಲು ದೇಹಕ್ಕೆ ಥಯಮಿನ್ ಎಂಬ ಬಿ1 ಬೇಕು, ಆದರೆ ಸಕ್ಕರೆಯಲ್ಲಿ ಅದು ಇಲ್ಲವೇ ಇಲ್ಲ. ಗೋಧಿ ಒಗ್ಗುವುದಿಲ್ಲ ಎಂಬ ಅನುಮಾನವಿದ್ದರೆ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲೂಟೆನ್‌ನಿಂದ ಸಣ್ಣ ಕರುಳು ಕೆಡುವ) ಕಾಯಿಲೆಯ ರಕ್ತಪರೀಕ್ಷೆಯನ್ನು ಗೋಧಿ ಬಿಡುವುದಕ್ಕೆ ಮೊದಲು ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ತಪ್ಪಾಗಿ ಬರಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ತೂಕ ತೀರ ಕಡಿಮೆ ಇರುವವರು, ಐದಾರು ದಿನಗಳಿಂದ ಹೆಚ್ಚುಕಡಿಮೆ ಏನನ್ನೂ ತಿನ್ನದಿರುವವರು ಮನೆಯಲ್ಲಿ ತಾವಾಗಿಯೇ ಊಟ ಹೆಚ್ಚಿಸಬಾರದು. ಬರಿದಾದ ದೇಹಕ್ಕೆ ಒಮ್ಮೆಲೇ ಆಹಾರ ಸಿಕ್ಕರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಅವರಿಗೆ ಆಸ್ಪತ್ರೆಯೇ ಸರಿಯಾದ ಜಾಗ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರೂ ವೈದ್ಯರಿಗೆ ಹೇಳದೆ ಊಟ ಬದಲಿಸುವಂತಿಲ್ಲ.

ಎರಡನೆಯದು: ಒಂದು ನೋಟುಪುಸ್ತಕ

ಇನ್ನೂರು ಪುಟದ ಸಾದಾ ನೋಟುಪುಸ್ತಕ ಸಾಕು, ಮೊಬೈಲ್ ಬೇಡ. ಮೊಬೈಲಿನಲ್ಲಿ ಬರೆಯಲು ಹೋದರೆ ರೋಗಲಕ್ಷಣಗಳನ್ನು ಹುಡುಕುತ್ತ ರಾತ್ರಿ ಕಳೆಯುತ್ತದೆ, ನನಗೆ ಎಷ್ಟೋ ರಾತ್ರಿಗಳು ಹಾಗೆ ಹೋಗಿವೆ. ಮೊದಲ ಪುಟದಲ್ಲಿ ಮೂರು ಸಾಲು ಮಾಡಿ: ಹೆದರಿಕೆಯಿಲ್ಲದೆ ತಿನ್ನುವುದು, ಅನುಮಾನದ್ದು, ಈಗ ಸಾಧ್ಯವೇ ಇಲ್ಲದ್ದು. ಕೆಲವರ ಮೊದಲ ಸಾಲಿನಲ್ಲಿ ಐದೇ ಹೆಸರು ಇರಬಹುದು. ನಾಚಿಕೊಳ್ಳಬೇಡಿ, ನನ್ನದರಲ್ಲಿ ಆರಿದ್ದವು.

ನಂತರ ಒಂದು ವಾರ ಏನನ್ನೂ ಬದಲಿಸದೆ ಬರೆಯಿರಿ. ಎಷ್ಟು ಗಂಟೆಗೆ, ಏನು, ಎಷ್ಟು. ತಿನ್ನುವ ಮೊದಲು ಭಯ ಸೊನ್ನೆಯಿಂದ ಹತ್ತರೊಳಗೆ ಎಷ್ಟು. ತಿಂದ ಎರಡು ಗಂಟೆಯ ಮೇಲೆ ಹೊಟ್ಟೆಯ ಸಂಕಟ ಎಷ್ಟು. ಈ ಎರಡು ಅಂಕಿಗಳನ್ನು ಬೇರೆಬೇರೆ ಬರೆಯುವುದರಲ್ಲೇ ಎಲ್ಲ ಇದೆ. ವಾರದ ಕೊನೆಗೆ ನನಗೆ ಕಂಡದ್ದು ಇಷ್ಟು: ಭಯ ಎಂಟಿದ್ದ ದಿನಗಳಲ್ಲಿ ಅದೇ ಬನ್ನು ತಿಂದರೂ ಸಂಕಟ ಆರು, ಭಯ ಎರಡಿದ್ದ ದಿನ ಸಂಕಟ ಒಂದು. ಬನ್ನು ಅದೇ ಆಗಿತ್ತು. ವೈದ್ಯರ ಯಾವ ಸಮಾಧಾನಕ್ಕಿಂತಲೂ ಆ ಪುಟವನ್ನು ನಾನು ಹೆಚ್ಚು ನಂಬಿದೆ, ಅದನ್ನು ಬರೆದವಳು ನಾನೇ ಆಗಿದ್ದೆ.

ಮೂರನೆಯದು: ಏನನ್ನೂ ಬಿಡಬೇಡಿ, ಹೊತ್ತು ಮಾತ್ರ ಕಟ್ಟಿ

ಎಲ್ಲರೂ ಮೊದಲು ಹೇಳುವುದು "ಸಕ್ಕರೆ ಬಿಡು" ಎಂದು. ನಾನು ಅದಕ್ಕೆ ಕಿವಿಗೊಟ್ಟು ಮೂರು ಕಿಲೋ ಇಳಿದೆ. ಐದು ಕಂಬಗಳ ಮೇಲೆ ನಿಂತ ಮನೆಯಿಂದ ಎರಡು ಕಂಬ ಕಿತ್ತರೆ ಮನೆ ಬೀಳುತ್ತದೆ. ಹೊಸ ಕಂಬ ನೆಡುವವರೆಗೆ ಹಳೆಯವು ಇರಲಿ.

ಬದಲಾಗಿ, ಇರುವುದನ್ನೇ ಹೊತ್ತಿಗೆ ಸರಿಯಾಗಿ ತಿನ್ನಿ. ಮೂರು ಮೂರೂವರೆ ಗಂಟೆಗೆ ಒಮ್ಮೆ, ಹಸಿವಾಗಲಿ ಆಗದಿರಲಿ. ಇಡೀ ದಿನ ಚೂರುಚೂರು ತಿನ್ನುತ್ತಿದ್ದರೆ ಹಸಿವು ಹುಟ್ಟುವುದೇ ಇಲ್ಲ. ಹಸಿವಿಲ್ಲದ ಬಾಯಿಗೆ ಹೊಸ ರುಚಿ ಒಗ್ಗುವುದಿಲ್ಲ. ಬರೀ ಸಿಹಿ ತಿಂದ ಎರಡು-ಮೂರು ಗಂಟೆಯ ಮೇಲೆ ಕೆಲವರಿಗೆ ಕೈ ನಡುಗಿ, ಬೆವರಿ, ಎದೆ ಹೊಡೆದುಕೊಳ್ಳುತ್ತದೆ. ಆತಂಕವೂ ಹೀಗೆಯೇ ಇರುವುದರಿಂದ ಎರಡೂ ಕಲಸಿಹೋಗುತ್ತವೆ. ಸಿಹಿಯ ಜೊತೆ ಸ್ವಲ್ಪ ಕೊಬ್ಬು ಅಥವಾ ಪ್ರೋಟೀನು ಸೇರಿಸಿದರೆ ಇದು ತಗ್ಗುತ್ತದೆ: ಬನ್ನಿಗೆ ಬೆಣ್ಣೆ, ಬಿಸ್ಕತ್ತಿನ ಜೊತೆ ನಾಲ್ಕು ಕಡಲೆಬೀಜ. ಖಾಲಿ ಹೊಟ್ಟೆಯ ಕಾಫಿಯನ್ನು ಮಾತ್ರ ಏನಾದರೂ ತಿಂದ ನಂತರಕ್ಕೆ ತಳ್ಳಿ. ಕೆಫೀನ್ ಎದೆಬಡಿತವನ್ನೂ ಕರುಳಿನ ಓಟವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ.

ನಾಲ್ಕನೆಯದು: ಸಿಹಿಯ ಒಡಹುಟ್ಟನ್ನು ಹುಡುಕಿ

ನನ್ನನ್ನು ಮೇಲೆತ್ತಿದ್ದು ಈ ಹೆಜ್ಜೆ. ಇದು ಹೊಳೆದದ್ದು ಒಂದು ದರ್ಶಿನಿಯಲ್ಲಿ. ಅಮ್ಮ ಚೌಚೌ ಭಾತ್ ತೆಗೆದುಕೊಂಡಿದ್ದರು. ನಾನು ಅವರ ತಟ್ಟೆಯಿಂದ ಕೇಸರಿಭಾತನ್ನು ಮಾತ್ರ ತಿನ್ನುತ್ತಿದ್ದೆ. "ಎರಡೂ ಒಂದೇ ರವೆ ಕಣೇ" ಎಂದರು ಅಮ್ಮ, ಯಾವ ಉದ್ದೇಶವೂ ಇಲ್ಲದೆ. ನಾನು ತಟ್ಟೆಯನ್ನೇ ನೋಡುತ್ತ ಕುಳಿತೆ. ಒಂದೇ ರವೆ, ಒಂದೇ ತುಪ್ಪ. ನನ್ನ ಹೊಟ್ಟೆ ಒಂದನ್ನು ಹೆದರಿಕೆಯಿಲ್ಲದೆ ಅರಗಿಸುತ್ತಿತ್ತು. ಇನ್ನೊಂದನ್ನು ನೋಡಿದರೆ ಬೆವರುತ್ತಿದ್ದೆ.

ನಮ್ಮ ಅಡುಗೆಮನೆಯಲ್ಲಿ ಹೀಗೆ ಜೋಡಿಯಾಗಿ ಹುಟ್ಟಿದ ತಿನಿಸುಗಳು ಎಷ್ಟೊಂದಿವೆ ಎಂದರೆ, ಸಿಹಿಯನ್ನು ಹಿಡಿದುಕೊಂಡೇ ಖಾರದ ಕಡೆಗೆ ನಡೆಯಬಹುದು. ಶಾವಿಗೆ ಪಾಯಸಕ್ಕೆ ಶಾವಿಗೆ ಉಪ್ಪಿಟ್ಟು. ಸಿಹಿ ಪೊಂಗಲಿಗೆ ಖಾರ ಪೊಂಗಲು; ಎರಡರಲ್ಲೂ ಅದೇ ಅಕ್ಕಿ, ಅದೇ ಹೆಸರುಬೇಳೆ. ಬೆಲ್ಲದ ರಾಗಿ ಗಂಜಿಗೆ ಮಜ್ಜಿಗೆಯ ಅಂಬಲಿ. ಬೆಲ್ಲದ ಗೋಧಿ ದೋಸೆಗೆ ಉಪ್ಪಿನ ಗೋಧಿ ದೋಸೆ. ಹೋಳಿಗೆಗೆ, ಅದೇ ಬೇಳೆ ಬೆಂದ ಕಟ್ಟಿನಿಂದ ಮಾಡಿದ ಹೋಳಿಗೆ ಸಾರು. ಉತ್ತರ ಕರ್ನಾಟಕದವರಾದರೆ ಹಾಲು-ಬೆಲ್ಲದಲ್ಲಿ ಮುರಿದು ನೆನೆಸಿದ ಜೋಳದ ರೊಟ್ಟಿಯಿಂದ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಗೆ ಬರಬಹುದು. ಕರಾವಳಿಯವರಿಗೆ ಗಂಜಿ ಇದೆ: ಮೊದಲು ಬೆಲ್ಲದ ಚೂರಿನ ಜೊತೆ, ಆಮೇಲೆ ಉಪ್ಪು-ತುಪ್ಪದ ಜೊತೆ.

ರವೆಯ ಜೋಡಿಯನ್ನು ನಾನು ಏರಿದ ಮೆಟ್ಟಿಲುಗಳನ್ನು ಹೇಳುತ್ತೇನೆ. ಉಳಿದವನ್ನು ನೀವೇ ಕಟ್ಟಿಕೊಳ್ಳಬಹುದು. ಮೊದಲು ಎಂದಿನ ಕೇಸರಿಭಾತ್, ಬಣ್ಣವಿಲ್ಲದೆ. ನಾಲ್ಕು ದಿನದ ಮೇಲೆ ಅದೇ ಕೇಸರಿಭಾತ್, ಸಕ್ಕರೆ ಮುಕ್ಕಾಲು ಪಾಲು. ಆಮೇಲೆ ಸಕ್ಕರೆ ಅರ್ಧ, ಒಂದು ಚಿಟಿಕೆ ಉಪ್ಪು. ಆಮೇಲೆ ನೀರಾಗಿ ಬೇಯಿಸಿದ ರವೆ ಗಂಜಿ, ಒಂದು ಚಮಚ ಸಕ್ಕರೆ ಮೇಲೆ ಉದುರಿಸಿ. ಆಮೇಲೆ ಆ ಸಕ್ಕರೆಯ ಜಾಗದಲ್ಲಿ ತುಪ್ಪ ಮತ್ತು ಉಪ್ಪು. ಈ ಮೆಟ್ಟಿಲಿನಲ್ಲಿ ನಾನು ಹದಿನೈದು ದಿನ ನಿಂತೆ, ಕಾಲು ಮುಂದಕ್ಕೆ ಬರಲಿಲ್ಲ. ನಂತರ ತುಪ್ಪದಲ್ಲಿ ಜೀರಿಗೆ, ಎರಡು ಎಲೆ ಕರಿಬೇವಿನ ಒಗ್ಗರಣೆ; ಕರಿಬೇವನ್ನು ತೆಗೆದು ಪಕ್ಕಕ್ಕಿಟ್ಟೆ. ನಂತರ ಗಟ್ಟಿ ಉಪ್ಪಿಟ್ಟು, ಈರುಳ್ಳಿ-ಮೆಣಸಿನಕಾಯಿ ಇಲ್ಲದೆ. ಅದಕ್ಕೆ ಒಂದು ಚಮಚ ಕ್ಯಾರೆಟ್ ತುರಿ. ನಾಲ್ಕನೆಯ ತಿಂಗಳ ಕೊನೆಗೆ ದರ್ಶಿನಿಯ ಖಾರಾಭಾತಿನಿಂದ ಮೂರು ಚಮಚ.

ಎರಡೂ ರುಚಿಗಳು ಒಂದೇ ತುತ್ತಿನಲ್ಲಿರುವ ತಿನಿಸುಗಳು ನಡುವಿನ ಸೇತುವೆಯಾಗುತ್ತವೆ. ಗೊಜ್ಜವಲಕ್ಕಿಯಲ್ಲಿ ಬೆಲ್ಲವೂ ಇದೆ, ಹುಣಸೆಯೂ ಇದೆ, ಸಾರಿನ ಪುಡಿಯೂ ಇದೆ. ಬೆಲ್ಲ ಹೆಚ್ಚು, ಪುಡಿ ಕಡಿಮೆ ಮಾಡಿ ಆರಂಭಿಸಿ ವಾರಕ್ಕೊಮ್ಮೆ ಅಳತೆ ತಿರುಗಿಸುತ್ತ ಹೋಗಿ. ನಿಮ್ಮ ತೊಡಕು ರುಚಿಗಿಂತ ಆಹಾರದ ಸ್ಪರ್ಶದ್ದಾದರೆ ಮೆಟ್ಟಿಲು ಬೇರೆ: ಗರಿಗರಿ ಮಾತ್ರ ಒಗ್ಗುವವರು ಬಿಸ್ಕತ್ತಿನಿಂದ ರಸ್ಕು, ರಸ್ಕಿನಿಂದ ಖಾರವಿಲ್ಲದ ನಿಪ್ಪಟ್ಟು, ಗರಿಯಾದ ತೆಳು ದೋಸೆ ಹೀಗೆ ಹೋಗಬೇಕೇ ಹೊರತು ಗಂಜಿಗೆ ಹಾರಬಾರದು.

ಐದನೆಯದು: ಒಂದು ಚಮಚ, ಒಂದೇ ಬದಲಾವಣೆ

ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಮೂರು-ನಾಲ್ಕು ದಿನ ಅದೇ. ಎರಡು ಹೊಸದನ್ನು ಒಟ್ಟಿಗೆ ತಂದರೆ ಹೊಟ್ಟೆ ಕೆಟ್ಟಾಗ ಯಾವುದರಿಂದ ಎಂದು ತಿಳಿಯದೆ ಎರಡನ್ನೂ ಬಿಡುತ್ತೀರಿ. ಮೊದಲ ದಿನ ಒಂದು ಚಮಚ. ಅದೂ ಹೆಚ್ಚೆನಿಸಿದರೆ ತಟ್ಟೆಯ ಅಂಚಿನಲ್ಲಿ ಇಟ್ಟುಕೊಂಡು, ವಾಸನೆ ನೋಡಿ, ನಾಲಿಗೆಗೆ ತಾಗಿಸಿ ಬಿಡಿ. ಅದೂ ಲೆಕ್ಕಕ್ಕೆ ಬರುತ್ತದೆ. ಹೊಸದನ್ನು ಹಳೆಯ ತಿನಿಸಿನ ಪಕ್ಕದಲ್ಲೇ ಬಡಿಸಿಕೊಳ್ಳಿ, ಅದರ ಬದಲಿಗಲ್ಲ. ದಿನದಲ್ಲಿ ನಿಮಗೆ ನೆಮ್ಮದಿಯಿರುವ ಹೊತ್ತನ್ನು ಆರಿಸಿ. ಕಚೇರಿಗೆ ಹೊರಡುವ ಮುನ್ನ, ಪ್ರಯಾಣದ ದಿನ, ರಾತ್ರಿ ಮಲಗುವ ಮೊದಲು ಬೇಡ.

ಮಕ್ಕಳು ಒಂದು ಹೊಸ ರುಚಿಯನ್ನು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಅದರ ಪರಿಚಯವಾಗಬೇಕಾಗುತ್ತದೆ. ಹೆದರಿದ ದೊಡ್ಡವರಿಗೂ ಅಷ್ಟೇ ಸಮಯ ಕೊಡಿ. ಮೂರನೆಯ ಸಲಕ್ಕೆ "ನನಗೆ ಇದು ಆಗುವುದಿಲ್ಲ" ಎಂದು ತೀರ್ಪು ಬರೆಯಬೇಡಿ.

ಹೊಟ್ಟೆ ಗುಡುಗಿದಾಗ

ಹೊಸ ತುತ್ತು ಒಳಗೆ ಹೋದ ಅರ್ಧ ಗಂಟೆಯಲ್ಲಿ ಏನೋ ಆಗುತ್ತದೆ. ಆಗಲೇಬೇಕು ಎಂದುಕೊಂಡೇ ಕುಳಿತಿರಿ. ಆಗ ಮಾಡಬೇಕಾದುದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಭಯದ ಹೊತ್ತಿನಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ. ನನ್ನ ಚೀಟಿಯಲ್ಲಿ ಇದ್ದದ್ದು: ಗಡಿಯಾರ ನೋಡು. ಸೊಂಟದ ಪಟ್ಟಿ ಸಡಿಲಿಸು. ನಾಲ್ಕು ಎಣಿಸುತ್ತ ಹೊಟ್ಟೆಯಿಂದ ಉಸಿರು ತೆಗೆದುಕೋ, ಆರು ಎಣಿಸುತ್ತ ಬಿಡು, ಹತ್ತು ಸಲ. ಹತ್ತು ನಿಮಿಷ ಮನೆಯೊಳಗೇ ನಡೆ. ಬಿಸಿನೀರಿನ ಚೀಲ ಇಟ್ಟುಕೋ. ಇಪ್ಪತ್ತು ನಿಮಿಷದವರೆಗೆ ಯಾವ ತೀರ್ಮಾನವೂ ಬೇಡ.

ಉಸಿರನ್ನು ನಿಧಾನವಾಗಿ ಹೊರಬಿಡುವುದರಿಂದ ಹೃದಯದ ಬಡಿತ ತಗ್ಗುತ್ತದೆ. ನಡೆಯುವುದರಿಂದ ಅನಿಲ ಸರಿಯುತ್ತದೆ. ಬಿಸಿ ಜೀರಿಗೆ ನೀರು ನನಗೆ ಹಿತವೆನಿಸುತ್ತಿತ್ತು, ನಿಮಗೂ ಹಿತವೆನಿಸಿದರೆ ಕುಡಿಯಿರಿ. ಆದರೆ ಒಂದು ಮಾತು: ಪ್ರತಿ ತುತ್ತಿಗೂ ಮುನ್ನೆಚ್ಚರಿಕೆಯಾಗಿ ಮಾತ್ರೆ, ಕಷಾಯ, ಸೋಡಾ ಎಂದು ಅಭ್ಯಾಸವಾದರೆ "ಮಾತ್ರೆಯಿಂದ ಬಚಾವಾದೆ" ಎಂದೇ ಮನಸ್ಸು ಕಲಿಯುತ್ತದೆ, "ಉಪ್ಪಿಟ್ಟು ನನಗೆ ಒಗ್ಗಿತು" ಎಂದು ಕಲಿಯುವುದಿಲ್ಲ. ವೈದ್ಯರು ಬರೆದ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳಿ, ಅದರಾಚೆಗಿನದನ್ನು ಕಡಿಮೆ ಮಾಡುತ್ತ ಬನ್ನಿ.

ಇಪ್ಪತ್ತು ನಿಮಿಷದ ನಂತರ ಅಂಕಿ ಬರೆಯಿರಿ. ಸಂಕಟ ಮೂರು-ನಾಲ್ಕರೊಳಗಿದ್ದರೆ ನಾಳೆಯೂ ಅದೇ ಪ್ರಮಾಣ. ಏಳು ದಾಟಿದರೆ ನಾಳೆ ಅರ್ಧ. ಸೊನ್ನೆಗೆ ಮಾತ್ರ ಇಳಿಸಬೇಡಿ. ಮೈಮೇಲೆ ದದ್ದು, ತುಟಿ-ಗಂಟಲು ಊದುವುದು, ಉಸಿರು ಕಟ್ಟುವುದು ಕಂಡರೆ ಅದು ಅಲರ್ಜಿ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೇಳೆ, ತರಕಾರಿ, ಹಾಲು

ಬೇಳೆಗೆ ಹೆದರುವವರು ಹೆಸರುಬೇಳೆಯಿಂದ ಆರಂಭಿಸಿ. ನಾಲ್ಕು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕರಗುವಂತೆ ಬೇಯಿಸಿ. ಅನಿಲ ಮಾಡುವ ಸಕ್ಕರೆಗಳಲ್ಲಿ ಒಂದಷ್ಟು ನೆನೆಸಿದ ನೀರಿಗೆ ಇಳಿದುಹೋಗುತ್ತವೆ. ಮೊದಲ ವಾರ ಮೇಲಿನ ತಿಳಿಯಾದ ಕಟ್ಟನ್ನು ಮಾತ್ರ, ಉಪ್ಪು-ತುಪ್ಪ ಹಾಕಿ, ಅನ್ನದ ಮೇಲೆ ಎರಡು ಚಮಚ. ಆಮೇಲೆ ಕಲಕಿದ ತೊವ್ವೆ. ತೊಗರಿ ಅದಾದ ಮೇಲೆ, ಕಡಲೆ-ಅವರೆ-ಅಲಸಂದೆ ಬಹಳ ಕೊನೆಗೆ.

ಈರುಳ್ಳಿ-ಬೆಳ್ಳುಳ್ಳಿಯ ತೊಂದರೆ ಅವುಗಳಲ್ಲಿರುವ ಫ್ರಕ್ಟಾನ್ ಎಂಬ ನಾರಿನದು. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿದು ಎಸಳನ್ನು ತೆಗೆದುಬಿಟ್ಟರೆ ಪರಿಮಳ ಉಳಿಯುತ್ತದೆ, ಉಬ್ಬರ ಉಳಿಯುವುದಿಲ್ಲ. ಇಂಗಿನ ಒಗ್ಗರಣೆ ನಮ್ಮಲ್ಲಿ ಇದ್ದೇ ಇದೆ.

ತರಕಾರಿಯಲ್ಲಿ ಸಿಪ್ಪೆ ಹೆರೆದ, ಮೆತ್ತಗೆ ಬೇಯುವಂಥವು ಮೊದಲು: ಕ್ಯಾರೆಟ್, ಸೋರೆಕಾಯಿ, ಪಡವಲಕಾಯಿ, ಹೀರೇಕಾಯಿ. ಎಲೆಕೋಸು, ಹೂಕೋಸು, ಹಸಿ ಕೋಸಂಬರಿ ಅವಸರವಿಲ್ಲ. ಸೊಪ್ಪಿಗೆ ಮಲೆನಾಡಿನ ತಂಬುಳಿಗಿಂತ ಮೃದುವಾದ ಬಾಗಿಲು ನನಗೆ ಗೊತ್ತಿಲ್ಲ. ತುಪ್ಪದಲ್ಲಿ ಬಾಡಿಸಿದ ಐದಾರು ದೊಡ್ಡಪತ್ರೆ ಎಲೆ, ಜೀರಿಗೆ, ಒಂದಿಷ್ಟು ಕಾಯಿ ರುಬ್ಬಿ ಮಜ್ಜಿಗೆಯಲ್ಲಿ ಕಲಸಿದರೆ ಸೊಪ್ಪು ಹಲ್ಲಿಗೂ ಸಿಗುವುದಿಲ್ಲ. ಹಣ್ಣಿನಲ್ಲಿ ಏಲಕ್ಕಿ ಬಾಳೆ, ಪರಂಗಿ, ಕಿತ್ತಳೆ ಸಾಮಾನ್ಯವಾಗಿ ಒಗ್ಗುತ್ತವೆ. ಸೇಬು, ಮಾವು, ಕಲ್ಲಂಗಡಿ, ಜೇನುತುಪ್ಪ ಇವುಗಳಲ್ಲಿ ಫ್ರಕ್ಟೋಸ್ ಎಂಬ ಸಕ್ಕರೆ ಹೆಚ್ಚು, ಕೆಲವರ ಕರುಳು ಅದನ್ನು ಪೂರ್ತಿ ಹೀರಲಾರದು. ಸಕ್ಕರೆಯ ಬದಲು ಜೇನು ಹಾಕಿಕೊಂಡು ಹೊಟ್ಟೆ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಹಾಲಿನದು ಬೇರೆಯೇ ಕಥೆ. ದಕ್ಷಿಣ ಭಾರತದ ದೊಡ್ಡವರಲ್ಲಿ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಿರುವವರು ಬಹಳ. ನನ್ನ ನೋಟುಪುಸ್ತಕದಲ್ಲಿ ರಾತ್ರಿಯ ಹಾಲನ್ನದ ಮುಂದೆ ಸದಾ ಐದು, ಆರು ಎಂದಿತ್ತು. ನಾನು ಅದನ್ನು ಸುರಕ್ಷಿತ ಎಂದು ಬರೆದುಕೊಂಡಿದ್ದೆ! ಎರಡು ವಾರ ಹಾಲಿನ ಜಾಗದಲ್ಲಿ ಮೊಸರು ಬಂದಾಗ ಅಂಕಿ ಎರಡಕ್ಕೆ ಇಳಿಯಿತು. ಮೊಸರಾಗುವಾಗ ಲ್ಯಾಕ್ಟೋಸಿನ ಒಂದು ಪಾಲು ಕರಗಿಹೋಗಿರುತ್ತದೆ. ಮೊದಲು ಸಕ್ಕರೆ ಹಾಕಿದ ಮೊಸರು, ಆಮೇಲೆ ಸಕ್ಕರೆ ಹಾಕಿದ ಮೊಸರನ್ನ, ಆಮೇಲೆ ಉಪ್ಪಿನ ಮೊಸರನ್ನ. ಇದೂ ಒಂದು ಜೋಡಿಯೇ.

ಅಂತರ್ಜಾಲದಲ್ಲಿ ಫಾಡ್‌ಮ್ಯಾಪ್ ಪಥ್ಯದ, ಅಂದರೆ ಕರುಳಿನಲ್ಲಿ ಹುಳಿತು ಅನಿಲ ಮಾಡುವ ಸಕ್ಕರೆಗಳಿರುವ ಆಹಾರವನ್ನು ಬಿಡುವ ಪಥ್ಯದ, ದೊಡ್ಡ ಪಟ್ಟಿಗಳು ಸಿಗುತ್ತವೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಆ ಕ್ರಮದಲ್ಲಿ ಬಿಡುವುದು ಕೆಲವೇ ವಾರ. ಆಮೇಲೆ ಒಂದೊಂದನ್ನೇ ಮರಳಿ ತರಬೇಕು. ಆಗಲೇ ಆರೇ ಪದಾರ್ಥಕ್ಕೆ ಇಳಿದವರು ಆ ಬಿಡುವ ಪಟ್ಟಿಯನ್ನು ತಾವಾಗಿ ಕೈಗೆತ್ತಿಕೊಂಡರೆ ಇನ್ನಷ್ಟು ಕುಗ್ಗುತ್ತಾರೆ. ಆಹಾರತಜ್ಞರ ಜೊತೆಯಲ್ಲಿ ಮಾತ್ರ ಅದಕ್ಕೆ ಕೈಹಾಕಿ.

ಸಕ್ಕರೆಗೆ ಈಗ ಬನ್ನಿ

ಮೊದಲ ಸಾಲಿನಲ್ಲಿ ಹದಿನೈದು ಹೆಸರುಗಳಾದ ಮೇಲೆ, ಅದಕ್ಕೆ ಮೊದಲು ಬೇಡ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ 10 ಪ್ರತಿಶತದೊಳಗಿರಬೇಕು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಅದನ್ನು 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು. ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ಎರಡೆರಡು ಚಮಚದ ಆರು ಲೋಟ ಕಾಫಿಗೇ 48 ಗ್ರಾಂ ಆಯಿತು, ಬನ್ನು-ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ.

ಪ್ರತಿ ವಾರ ಲೋಟಕ್ಕೆ ಕಾಲು ಚಮಚ ಇಳಿಸಿ, ನಾಲಿಗೆಗೆ ಗೊತ್ತಾಗುವುದಿಲ್ಲ. ಸಕ್ಕರೆರಹಿತ ಎಂದು ಬರೆದ ಮಿಠಾಯಿ, ಬಿಸ್ಕತ್ತುಗಳ ಕಡೆ ತಿರುಗಬೇಡಿ. ಅವುಗಳಲ್ಲಿ ಹಲವಕ್ಕೆ ಸಕ್ಕರೆಯ ಬದಲು ಸಾರ್ಬಿಟಾಲ್, ಮಾಲ್ಟಿಟಾಲ್ ಎಂಬ ಸಿಹಿಕಾರಕಗಳನ್ನು ಹಾಕಿರುತ್ತಾರೆ. ಹೆಚ್ಚು ತಿಂದರೆ ಆರೋಗ್ಯವಂತರಿಗೂ ಭೇದಿಯಾಗುತ್ತದೆ, ನಮ್ಮಂಥವರಿಗೆ ಕೇಳುವುದೇ ಬೇಡ. ಊಟದ ಜೊತೆ ಕಾಫಿ-ಟೀ ಕುಡಿಯುವುದನ್ನು ಒಂದು ಗಂಟೆ ಮುಂದೂಡಿ, ಸಾರಿಗೆ ನಿಂಬೆ ಹಿಂಡಿ; ಆಹಾರದ ಕಬ್ಬಿಣ ಮೈಗೆ ಹತ್ತಲು ಎರಡೂ ನೆರವಾಗುತ್ತವೆ.

ಮನೆಯವರಿಗೆ

ನನ್ನ ಸೋದರತ್ತೆ ಒಂದು ಮದುವೆಯ ಪಂಕ್ತಿಯಲ್ಲಿ, "ಒಂದು ತುತ್ತು ತಿಂದರೆ ಏನಾಗುತ್ತದೆ ಪುಟ್ಟಿ? ನಾವೆಲ್ಲ ತಿನ್ನುತ್ತಿಲ್ಲವೇ?" ಎಂದು ಎಲೆಗೆ ಹುಳಿ ಬಡಿಸಿಯೇಬಿಟ್ಟರು. ಅದು ಪ್ರೀತಿಯೇ. ಆದರೆ ಇಡೀ ಸಾಲು ನನ್ನತ್ತ ತಿರುಗಿತು, ನಾನು ಎದ್ದುಹೋದೆ. ಅಲ್ಲಿಂದ ಮೂರು ವಾರ ಹಿಂದಕ್ಕೆ ಜಾರಿದೆ. ಆಮೇಲೆ ಅಮ್ಮ ಅವರ ಬಳಿ ಹೋಗಿ, "ಅತ್ತಿಗೆ, ಅವಳಿಗೆ ಏನು ಬೇಕೋ ಅವಳೇ ಕೇಳುತ್ತಾಳೆ. ನೀವು ಪಕ್ಕದಲ್ಲಿ ಕುಳಿತು ಉಂಡರೆ ಸಾಕು" ಎಂದು ಹೇಳಿದರು. ಅತ್ತೆ ಮುಂದೆ ಎಂದೂ ಬಡಿಸಲಿಲ್ಲ. ಬಂದಾಗಲೆಲ್ಲ ಸಿಹಿ ಅವಲಕ್ಕಿಯನ್ನೂ ಗೊಜ್ಜವಲಕ್ಕಿಯನ್ನೂ ಎರಡು ಡಬ್ಬಿಗಳಲ್ಲಿ ತಂದು ಮೇಜಿನ ಮೇಲಿಟ್ಟು ಸುಮ್ಮನಾಗುತ್ತಿದ್ದರು. ಎರಡನೆಯ ಡಬ್ಬಿಯ ಮುಚ್ಚಳ ತೆಗೆಯಲು ನನಗೆ ಆರು ಭೇಟಿಗಳು ಬೇಕಾದವು.

ಗುಟ್ಟಾಗಿ ಬೇಳೆ ಅರೆದು ದೋಸೆಗೆ ಸೇರಿಸುವುದು, ತಿಂದ ಮೇಲೆ "ನೋಡಿದೆಯಾ" ಎನ್ನುವುದು ಬೇಡ. ಉಳಿದಿರುವ ಒಂದು ಸುರಕ್ಷಿತ ತಿನಿಸಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಊಟದ ಹೊತ್ತಿನಲ್ಲಿ ಊಟದ ಮಾತು ಬಿಟ್ಟು ಬೇರೆ ಮಾತನಾಡಿ.

ಒಬ್ಬರೇ ಆಗದಿದ್ದರೆ

ಎರಡು ತಿಂಗಳು ಪ್ರಯತ್ನಿಸಿದರೂ ಮೊದಲ ಸಾಲು ಬೆಳೆಯದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ತಿನ್ನುವ ಯೋಚನೆಗೇ ಉಸಿರು ಕಟ್ಟುತ್ತಿದ್ದರೆ ಮನೋವೈದ್ಯರ, ಮನಶ್ಶಾಸ್ತ್ರಜ್ಞರ ನೆರವು ಬೇಕು. ಆಹಾರದ ಭಯಕ್ಕೆಂದೇ ರೂಪಿಸಿದ ಅರಿವು-ವರ್ತನೆಯ ಚಿಕಿತ್ಸೆ ಇದೆ. ಇಲ್ಲಿ ಹೇಳಿದ ಮೆಟ್ಟಿಲುಗಳನ್ನೇ ಅವರು ಇನ್ನೂ ಜಾಣತನದಿಂದ ಕಟ್ಟಿಕೊಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಜ್ವರ, ಪ್ರಯಾಣ, ಸಾವು-ನೋವು ಬಂದಾಗ ನೀವು ಮತ್ತೆ ಬನ್ನು-ಬಿಸ್ಕತ್ತಿಗೆ ಬರುತ್ತೀರಿ. ಬನ್ನಿ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಆ ದಿನಗಳಿಗಾಗಿ ಎಂದೇ ಐದು ತಿನಿಸುಗಳನ್ನು ಮೊದಲೇ ಬರೆದಿಟ್ಟಿರಿ. ನನ್ನದರಲ್ಲಿ ರವೆ ಗಂಜಿ, ಮೊಸರನ್ನ, ಏಲಕ್ಕಿ ಬಾಳೆ, ಇಡ್ಲಿ, ರಸ್ಕು ಇವೆ. ಜ್ವರ ಬಿಟ್ಟ ಮೂರನೆಯ ದಿನ, ಕೊನೆಯದಾಗಿ ಒಗ್ಗಿದ್ದ ತಿನಿಸಿನ ಅರ್ಧ ಪ್ರಮಾಣದಿಂದ ಮತ್ತೆ ಆರಂಭಿಸಿ. ಮೊದಲ ಸಲ ನಾಲ್ಕು ತಿಂಗಳು ಹಿಡಿದ ಮೆಟ್ಟಿಲುಗಳನ್ನು ಎರಡನೆಯ ಸಲ ನಾನು ಒಂಬತ್ತು ದಿನದಲ್ಲಿ ಏರಿದೆ.